ಹೊಲದ ನಾಯಿಯೂ ನಮ್ಮ ಹವಾಮಾನವೂ
(ಸಂಘದ ಬೆಳ್ಳಿಹಬ್ಬದ ಸಭೆಯಲ್ಲಿ ನಿರ್ದೇಶಕರೊಬ್ಬರು ಮಾಡಿದ ಭಾಷಣ)



ನಾನು ಎಸ್.ಎಸ್.ಎಲ್.ಸಿ. ಮಟ್ಟ ಓದಿದವನು. ಆಮೇಲೆ ನೇಗಿಲು ಹಿಡಿದವನು ಇವತ್ತಿಗೂ ಬಿಟ್ಟಿಲ್ಲ. ಅಧ್ಯಕ್ಷರು ನನಗೆ, “ನೀವೂ ನಾಲ್ಕು ಮಾತು ಆಡಬೇಕು, ವಿಷಯ ನಿಮಗೆ ಬಿಟ್ಟದ್ದು” ಅಂದರು. ಸಂಘದ ಷೇರು, ಬೋನಸ್ಸು, ಹಾಲಿನ ಫ್ಯಾಟು ಇವನ್ನೆಲ್ಲ ನನಗಿಂತ ತಿಳಿದವರು ಆಗಲೇ ಹೇಳಿದ್ದಾರೆ. 1905ರಲ್ಲಿ ಗದಗ ಹತ್ತಿರದ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ಸಹಕಾರ ಸಂಘ ಕಟ್ಟಿದ್ದರಿಂದ ಹಿಡಿದು ಹೇಳಿದ್ದಾರೆ. ನಾನು ಹೇಳುವುದು ನಾಯಿಯ ವಿಷಯ. ನಗಬೇಡಿರಿ. ನಕ್ಕರೂ ಅಡ್ಡಿ ಇಲ್ಲ, ಪೂರ್ತಿ ಕೇಳಿರಿ.

ಈ ಸಂಘ ಬಾಡಿಗೆ ಖೋಲಿಯಲ್ಲಿ ಸುರುವಾದಾಗ ನನಗೆ ಇಪ್ಪತ್ತು ದಾಟಿತ್ತು. ಅವತ್ತಿನಿಂದ ಇವತ್ತಿನವರೆಗೆ ಹಾಲು ಹಾಕುವ ಪಾಳಿಯಲ್ಲಿ ನಾವು ಎಷ್ಟು ಮಂದಿ ನಿಲ್ಲುತ್ತೇವೋ ನಮ್ಮ ಹಿಂದೆ ಹೆಚ್ಚೂಕಡಿಮೆ ಅಷ್ಟೇ ನಾಯಿ ನಿಲ್ಲುತ್ತವೆ. ಕಾರ್ಯದರ್ಶಿಯವರು ಕೋಲು ತೋರಿಸುತ್ತಾರೆ, ಅವು ನಾಲ್ಕು ಹೆಜ್ಜೆ ಹಿಂದೆ ಸರಿದು ಮತ್ತೆ ಕೂಡುತ್ತವೆ. ಮಾಪಿನಿಂದ ಚೆಲ್ಲಿದ ಒಂದು ಹನಿ ಹಾಲಿಗೆ ಅಲ್ಲ, ಒಡೆಯ ಬಂದಾನೆ ಅಂತ ಬರುತ್ತವೆ. ಮಳೆ ಇರಲಿ, ಮಂಜು ಇರಲಿ, ನಮ್ಮ ಹಾಜರಿ ಪುಸ್ತಕದಲ್ಲಿ ಅವುಗಳ ಹೆಸರು ಒಂದಿಲ್ಲ, ಅಷ್ಟೇ.

ನನ್ನ ಬಂಧುಬಳಗ ನಾಲ್ಕು ತಾಲೂಕಿನಲ್ಲಿ ಹಂಚಿಹೋಗಿದೆ. ನನ್ನದು ಈ ಹಾನಗಲ್ಲ ಸೀಮೆ, ಅಕ್ಕನನ್ನು ಸವಣೂರ ಕಡೆ ಕೊಟ್ಟಿದ್ದೇವೆ, ಮಾವಂದಿರು ಶಿಗ್ಗಾಂವ ಕಡೆಯವರು, ಹೆಂಡತಿಯ ತವರು ಹಿರೇಕೆರೂರ. ಹೆಣ್ಣು ಕೊಟ್ಟು ತಂದ ನೆವದಿಂದ ನಾಲ್ಕೂ ಕಡೆಯ ಹವಾ ಉಂಡಿದ್ದೇನೆ, ನಾಲ್ಕೂ ಕಡೆಯ ನಾಯಿ ನೋಡಿದ್ದೇನೆ. ನಕಾಶೆಯಲ್ಲಿ ನೋಡಿದರೆ ನಾಲ್ಕೂ ಒಂದಕ್ಕೊಂದು ಹತ್ತಿಕೊಂಡೇ ಇದ್ದಂಗೆ. ಆದರೆ ನಮ್ಮ ಹಾನಗಲ್ಲ ಅರೆಮಲೆನಾಡು, ಮಳೆ ಜಾಸ್ತಿ. ಪೂರ್ವಕ್ಕೆ ಸವಣೂರ ಕಡೆ ಹೋದಂತೆ ಮೋಡ ಬರೇ ನೋಡಿಕೊಂಡು ಹೋಗುತ್ತದೆ.

ಸವಣೂರಿನ ಅಕ್ಕನ ಮನೆಯವರದು ಎಲೆಬಳ್ಳಿ ತೋಟ. ಸವಣೂರ ಎಲಿ ಅಂದರೆ ಎಲ್ಲಾರಿಗೂ ಗೊತ್ತು. ಬ್ಯಾಸಗಿ ಬಂತೆಂದರೆ ಅವರ ನಾಯಿ ತೋಟದ ಕಾಲುವೆಯ ಹಸಿ ಮಣ್ಣು ಕೆದರಿ ಹೊಟ್ಟೆ ಊರಿ ಮಲಗುತ್ತಿತ್ತು. ನೀರು ಒಡೆದು ಬೇರೆ ಮಡಿಗೆ ಹೋಗುತ್ತಿತ್ತು, ನಮ್ಮ ಭಾವನವರು ಬೈಯುತ್ತಿದ್ದರು. ಅಕ್ಕ ಒಂದು ದಿನ, “ನಿಮಗ ಹೊದ್ದ ಟವಲ್ ತೆಗೆದರ ಗಾಳಿ ಆಡತೈತಿ, ಅದಕ್ಕ ಮೈಮ್ಯಾಲಿನ ಕೂದಲ ತೆಗೆಯಾಕ ಬರತೈತೇನು?” ಅಂದಳು. ಅಲ್ಲಿಂದ ಬೈಗಳ ನಿಂತವು. ಮಳೆಗಾಲದಲ್ಲಿ ಅದೇ ನಾಯಿಗೆ ಬೇರೆ ಕಷ್ಟ. ಎರೆಮಣ್ಣು ಕಾಲಬೆರಳ ಸಂದಿಯಲ್ಲಿ ಮೆತ್ತಿಕೊಂಡು ಒಣಗಿ ಹರಳಾಗುತ್ತದೆ. ಕುಂಟುವ ನಾಯಿಯನ್ನು ನೋಡಿ ಮುಳ್ಳು ಚುಚ್ಚಿದೆ ಅಂತ ಹುಡುಕುತ್ತೇವೆ, ಮುಳ್ಳು ಇರುವುದಿಲ್ಲ. ಬಿಸಿನೀರಲ್ಲಿ ಕಾಲು ನೆನೆಸಿ ಎಣ್ಣೆ ಹಚ್ಚಿದರೆ ಬಿಟ್ಟುಕೊಳ್ಳುತ್ತದೆ.

ಹಿರೇಕೆರೂರಿನದು ಹತ್ತಿಯ ಮಾತು. ನಾನು ಹೊಸ ಅಳಿಯ. ಸುಗ್ಗಿಯ ಚಳಿ, ಬಿಡಿಸಿ ತಂದ ಹತ್ತಿ ಪಡಸಾಲೆಯಲ್ಲಿ ಗುಡ್ಡೆ ಹಾಕಿದ್ದರು. ನಸುಕಿನಲ್ಲಿ ಎದ್ದು ನೋಡಿದರೆ ಆ ಮನೆಯ ನಾಯಿ ಹತ್ತಿಯೊಳಗೆ ಹುದುಗಿ ಬರೇ ಮೂಗು ಹೊರಗೆ ಇಟ್ಟುಕೊಂಡು ನಿದ್ದೆ ಹೊಡೆಯುತ್ತಿತ್ತು. ಅತ್ತೆಯವರು ಕಸಬರಿಗೆ ಹಿಡಿದು, “ಅಳಿಯಾಗ ಇಂಥಾ ಗಾದಿ ಹಾಕಿಲ್ಲ ನಾವು, ನಿನಗ ಹಾಕೇವೇನೋ!” ಅಂದರು. ನಾನು ಕಂಬಳಿಯೊಳಗೇ ಕೇಳಿಸಿಕೊಂಡೆ. ಇವತ್ತು ಅವರು ಈ ಸಭೆಗೆ ಬಂದಿದ್ದಾರೆ, ಇಷ್ಟಕ್ಕೆ ಬಿಡುತ್ತೇನೆ.

ಶಿಗ್ಗಾಂವಿನದು ಮಾತ್ರ ನಗುವ ಮಾತಲ್ಲ. ಮಾವನವರ ಹೊಲ ಪುಣೆ-ಬೆಂಗಳೂರು ಹೆದ್ದಾರಿಯ ಮಗ್ಗಲಿಗೆ. ಮಾರ್ಗಶಿರ-ಪುಷ್ಯ ಮಾಸದ ಚಳಿಯಲ್ಲಿ ಮಣ್ಣು ಬೇಗ ತಣ್ಣಗಾಗುತ್ತದೆ, ಡಾಂಬರು ಹಗಲಿನ ಬಿಸಿಯನ್ನು ರಾತ್ರಿ ಬಹಳ ಹೊತ್ತು ಹಿಡಿದಿರುತ್ತದೆ. ನಾಯಿಗೆ ಅದು ಗೊತ್ತು. ಬೆಚ್ಚಗಿನ ರಸ್ತೆಯ ಮೇಲೆ ಹೋಗಿ ಮಲಗುತ್ತದೆ. ಹಿಂಗೆ ಅವರು ಮೂರು ನಾಯಿ ಕಳೆದುಕೊಂಡರು. ಬ್ಯಾಟರಿ ಹಾಕಿ ನೋಡಿದ ಮಾವ ಹೇಳುತ್ತಿದ್ದರು, ವಾಹನ ಹಾಯಿಸಿದವನನ್ನು ಬೈದು ಏನು ಬಂತು, ಒಂದು ಹಳೇ ಗೋಣಿಚೀಲ ಕಟ್ಟೆಯ ಮೇಲೆ ಹಾಕಿದ್ದರೆ ರಸ್ತೆಗೆ ಹೋಗುತ್ತಿರಲಿಲ್ಲ ಅಂತ. ನಾಲ್ಕನೆಯ ನಾಯಿಗೆ ಕಣಕಿ ಹಾಸಿ, ಮೇಲೆ ಚೀಲ ಹಾಕಿಕೊಟ್ಟರು. ಅದು ಮುಪ್ಪಾಗಿ ಮನೆಯಲ್ಲೇ ಸತ್ತಿತು.

ಇನ್ನು ನಮ್ಮ ಮನೆಯದು. 2001ರಿಂದ ಸತತ ಮೂರು ವರ್ಷ ಬರ ಬಿತ್ತಲ್ಲ, ಹಿರಿಯರಿಗೆ ನೆನಪಿದೆ. ಅರೆಮಲೆನಾಡು ಅನ್ನಿಸಿಕೊಂಡ ನಮ್ಮಲ್ಲೂ ಕೂರಿಗೆ ಬತ್ತ ಮೊಳಕೆಯಲ್ಲೇ ಕಮರಿತು. ಬಣವೆ ಇದ್ದ ಜಾಗದಲ್ಲಿ ಬರೇ ಕಲ್ಲು ಉಳಿದವು. ಅಪ್ಪ ಒಂದು ಜೋಡು ಎತ್ತು ಮಾರಿ ಬಂದು ಎರಡು ದಿನ ಮಾತಾಡಲಿಲ್ಲ. ಆಗ ಮನೆಯಲ್ಲಿ ಕರಿಯ ಅಂತ ನಾಯಿ. ಎತ್ತೇ ಮಾರಿದ ಮೇಲೆ ನಾಯಿಗೆ ಯಾಕೆ ರೊಟ್ಟಿ, ಯಾರಿಗಾದರೂ ಕೊಡೋಣ ಅಂತ ನಾನು ಅಂದೆ. ಅವ್ವ ಒಲೆ ಮುಂದೆ ಕುಳಿತವಳು ತಿರುಗಿ ನೋಡದೆ, “ಬರ ಬಂದೈತಿ ಅಂತ ಕಳ್ಳರು ಕಳವು ಬಿಟ್ಟಾರೇನು?” ಅಂದಳು. ತನ್ನ ಪಾಲಿನ ರೊಟ್ಟಿಯಲ್ಲಿ ಕಾಲುಭಾಗ ಮುರಿದು ಇಡುತ್ತಿದ್ದಳು. ಬಾನಿಯ ಬುಡದಲ್ಲಿ ನೀರು ಜಿನುಗಿ ತಂಪಾಗಿದ್ದ ಒಂದು ಗೇಣು ನೆಲ ಕರಿಯನದು. ಆ ಮೂರು ವರ್ಷ ಅದನ್ನು ಬಿಟ್ಟು ಅವನು ಎದ್ದಿದ್ದು ರಾತ್ರಿ ಬೊಗಳುವುದಕ್ಕೆ ಮಾತ್ರ.

ನಮ್ಮ ಹಿರಿಯರು ನಾಯಿಯನ್ನು ಕೀಳು ಮಾಡಿದ್ದರು ಅನ್ನುವುದು ಪೂರ್ತಿ ಖರೆ ಅಲ್ಲ. ರಾಣೇಬೆನ್ನೂರ ತಾಲೂಕಿನ ದೇವರಗುಡ್ಡಕ್ಕೆ ಹೋದವರು ನೋಡಿರುತ್ತೀರಿ. ಮಾಲತೇಶನ ಗೊರವಪ್ಪಗಳು ದೋಣಿಯಲ್ಲಿ ಇಟ್ಟ ನೈವೇದ್ಯಕ್ಕೆ ನಾಯಿಯಂತೆ ಬೊಗಳುತ್ತ ಬಾಯಿ ಹಾಕುತ್ತಾರೆ. ದೇವರ ನಾಯಿ ಅನ್ನಿಸಿಕೊಳ್ಳುವುದು ಅವರಿಗೆ ಹೆಮ್ಮೆ. ಮಂಡ್ಯ ಜಿಲ್ಲೆಯ ಆತಕೂರಿನಲ್ಲಿ ಕ್ರಿ.ಶ. 949-50ರ ಹೊತ್ತಿನ ಒಂದು ಕಲ್ಲು ಸಿಕ್ಕಿದೆ ಅಂತ ಸಾಲಿಯಲ್ಲಿ ನಮ್ಮ ಮಾಸ್ತರರು ಹೇಳಿದ್ದರು. ಗಂಗರ ಬೂತುಗ ತನ್ನ ಬಂಟ ಮಣಲರನ ಶೌರ್ಯಕ್ಕೆ ಮೆಚ್ಚಿ ಏನು ಬೇಕೋ ಬೇಡು ಅಂದಾಗ, ಆ ಬಂಟ ಊರು-ಕೇರಿ ಬೇಡದೆ ರಾಜನ ಕಾಳಿ ಅನ್ನುವ ಬೇಟೆನಾಯಿ ಬೇಡಿದನಂತೆ. ಆ ಕಾಳಿ ಒಂದು ದೊಡ್ಡ ಹಂದಿಯ ಮೇಲೆ ಬಿದ್ದು, ಎರಡೂ ಸತ್ತವು. ಅದಕ್ಕೆ ಕಲ್ಲು ನಿಲ್ಲಿಸಿ, ಪೂಜೆಗೆ ಭೂಮಿ ಬಿಟ್ಟರು. ಈಗ ಆ ಕಲ್ಲು ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ನಮ್ಮ ಹಾನಗಲ್ಲ ಸುತ್ತ ವೀರಗಲ್ಲು ಬೇಕಾದಷ್ಟಿವೆ, ಅವನ್ನು ನೋಡಿದಾಗೆಲ್ಲ ನನಗೆ ಕಾಳಿಯ ನೆನಪಾಗುತ್ತದೆ. ಯಾಕೆ ಅಂತ ಈಗ ಹೇಳುತ್ತೇನೆ.

2019ರ ಮಾತು. ನನ್ನ ಮೂರು ಎಕರೆ ಗೋವಿನಜೋಳದ ಹೊಲ ವರದಾ ನದಿಯ ದಂಡೆಗೆ ಇದೆ. ವರದೆಗೆ ಮೇಲೆ ಅಡ್ಡ ದೊಡ್ಡ ಅಣೆಕಟ್ಟಿಲ್ಲ. ಸಾಗರ, ಸೊರಬದ ಕಡೆ ಮಳೆ ಹೊಡೆದರೆ ನಮ್ಮಲ್ಲಿ ಬಿಸಿಲಿದ್ದರೂ ಹೊಳೆ ಏರುತ್ತದೆ. ಧರ್ಮಾ ನದಿ ಬಂದು ಕೂಡುವುದೂ ಇದಕ್ಕೇ. ಇದೆಲ್ಲ ನನಗೆ ಹುಟ್ಟಿದಾಗಿನಿಂದ ಗೊತ್ತಿದ್ದದ್ದೇ.

ಆಗ ನಮ್ಮದು ಕೆಂಚಿ ಅಂತ ಹೆಣ್ಣು ನಾಯಿ. ಮೈ ಕೆಂಪು, ಎದೆ ಬಿಳಿ. ಹೊಲದಲ್ಲಿ ಮೋಟಾರಿನ ಕೇಬಲ್ ಕದಿಯುವವರ ಕಾಟ ಸುರುವಾಗಿತ್ತು. ಅದಕ್ಕೆ ರಾತ್ರಿ ಕೆಂಚಿಯನ್ನು ಪಂಪಿನ ಶೆಡ್ಡಿಗೆ ಕಟ್ಟಿ ಬರುತ್ತಿದ್ದೆ. ಅವಳು ಎರಡು ಸಲ ಹಗ್ಗ ಕಡಿದುಕೊಂಡು, ನಸುಕಿನಲ್ಲಿ ನಾನು ಹಾಲಿನ ಕ್ಯಾನು ಹಿಡಿದು ಹೊರಡುವ ಹೊತ್ತಿಗೆ ಸರಿಯಾಗಿ ಬಾಗಿಲಲ್ಲಿ ನಿಂತಿದ್ದಳು. ಮನೆಯಲ್ಲಿ ಅವಳ ಮರಿಯೂ ಇತ್ತು. ನನಗೆ ಸಿಟ್ಟು ಬಂತು. ಹಾನಗಲ್ಲ ಸಂತೆಗೆ ಹೋಗಿ ಕಬ್ಬಿಣದ ಸರಪಳಿ ತಂದೆ. ಈ ಸರಪಳಿ ಹರಿಯೂದಿಲ್ಲಲ್ಲ ಅಂತ ಅಂಗಡಿಯವನಿಗೆ ಎರಡೆರಡು ಸಲ ಕೇಳಿ, ಎಳೆದು ನೋಡಿ ತಂದೆ.

ಆ ವರ್ಷ ಮಿರಗ, ಆರಿದ್ರ ಎರಡೂ ಕೈಕೊಟ್ಟಿದ್ದವು. ಮಳೆ ಬರಲಿ ಅಂತ ಕಪ್ಪೆ ಮದುವಿ ಮಾಡೂಣು ಅಂತ ಮಾತಾಡಿಕೊಂಡಿದ್ದೆವು. ಆಗಸ್ಟ್ ಮೊದಲ ವಾರ ಆಶ್ಲೇಷಾ ಮಳೆ ಹಿಡಿಯಿತು ನೋಡಿರಿ, ಬಿಡಲೇ ಇಲ್ಲ. ಒಂದು ಸಂಜೆ ಕೆಂಚಿಗೆ ರೊಟ್ಟಿ-ಹಾಲು ಕೊಟ್ಟು ಹೊಳೆ ನೋಡಿದೆ. ನೀರು ದಂಡೆಗಿಂತ ಬಹಳ ಕೆಳಗಿತ್ತು. ಇವತ್ತೊಂದು ರಾತ್ರಿ ಇರಲಿ, ಮುಂಜಾನೆ ಕರಕೊಂಡು ಬಂದರಾಯಿತು ಅಂದುಕೊಂಡೆ. ಬರುವಾಗ ಅವಳು ಬೊಗಳಲಿಲ್ಲ, ಕುಂಯ್‌ಗುಟ್ಟಿದಳು. ಮರಿಯ ನೆನಪಿಗೆ ಇರಬೇಕು ಅಂತ ತಿರುಗಿ ನೋಡದೆ ಬಂದೆ.

ರಾತ್ರಿ ಊರಿಗೂ ಹೊಲಕ್ಕೂ ನಡುವಿನ ಹಳ್ಳ ತುಂಬಿತು. ನಸುಕಿನಲ್ಲಿ ಹೋಗಿ ನೋಡಿದರೆ ಸೇತುವೆ ಇಲ್ಲ, ಅಂದರೆ ನೀರಿನ ಕೆಳಗಿದೆ. ಹಳ್ಳದ ಆಚೆ ಕೆಂಪು ನೀರು ಹೊಲದ ತುಂಬ ಹರಡಿತ್ತು. ಶೆಡ್ಡಿನ ತಗಡು ಕಾಣುತ್ತಿತ್ತು. ಕೆಂಚಿ ಬೊಗಳುವುದು ಕೇಳುತ್ತಿತ್ತು. ನಾನು ಅಂಗಿ ಬಿಚ್ಚಿದೆ, ಊರವರು ಹಿಡಿದರು. ಅವರು ಹಿಡಿದದ್ದು ಖರೇನೇ ಒಳ್ಳೇದಾಯಿತು, ಇಲ್ಲದಿದ್ದರೆ ಈ ಭಾಷಣ ಇರುತ್ತಿರಲಿಲ್ಲ. ಮಧ್ಯಾಹ್ನದವರೆಗೆ ಕೇಳಿತು. ನಡುನಡುವೆ ನಿಲ್ಲುತ್ತಿತ್ತು, ಮತ್ತೆ ಬೊಗಳುತ್ತಿತ್ತು. ಆಮೇಲೆ ಬರೇ ನೀರಿನ ಸಪ್ಪಳ.

ನಮ್ಮ ಹೊಲದ ಮಗ್ಗಲಿನವರು ಹಿಂದಿನ ರಾತ್ರಿಯೇ ಅಲ್ಲಿದ್ದ ತಮ್ಮ ಎತ್ತುಗಳ ಕಣ್ಣಿ ಬಿಚ್ಚಿ ಓಡಿ ಬಂದಿದ್ದರು. ಕತ್ತಲಲ್ಲಿ ಹುಡುಕಿ ಹಿಡಿದು ತರುವಷ್ಟು ಹೊತ್ತಿರಲಿಲ್ಲ. ಆ ಎತ್ತುಗಳು ಈಜಿ ದಿಬ್ಬ ಹತ್ತಿ ನಿಂತಿದ್ದವು, ಮೂರನೆಯ ದಿನ ಸಿಕ್ಕವು. ಹೊಳಿ ಏರಿದಾಗ ಹಿರಿಯರು ಮೊದಲು ಮಾಡುತ್ತಿದ್ದ ಕೆಲಸವೇ ಅದು, ಗೂಟಕ್ಕಿರುವ ಕಣ್ಣಿ ಬಿಚ್ಚುವುದು.

ನಾಲ್ಕನೆಯ ದಿನ ನೀರು ಇಳಿಯಿತು. ಗೋವಿನಜೋಳ ಎಲ್ಲ ಮಲಗಿತ್ತು. ಶೆಡ್ಡು ನಿಂತಿತ್ತು, ಮೋಟಾರು ಇತ್ತು, ಕೇಬಲ್ಲೂ ಇತ್ತು. ಕೆಂಚಿ ಶೆಡ್ಡಿನ ಕಿಟಕಿ ಹತ್ತುವ ಯತ್ನ ಮಾಡಿದ್ದಳು, ಸರಪಳಿ ಎಷ್ಟು ಉದ್ದ ಇತ್ತೋ ಅಷ್ಟರವರೆಗೆ. ಆ ಸರಪಳಿ ಹರಿದಿರಲಿಲ್ಲ. ಬೇವಿನ ಮರದ ಬುಡಕ್ಕೆ ಮಣ್ಣು ಮಾಡಿ ಮನೆಗೆ ಬಂದೆ. ಅವ್ವ ಕೇಳಿದಳು, ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, “ಹಗ್ಗ ಇದ್ದಿದ್ದರ ಕಡಕೊಂಡು ಬರತಿತ್ತಲ್ಲೋ” ಅಂದಳು. ಬೈದಿದ್ದರೆ ಚಲೋ ಇತ್ತು.

ಆಮೇಲೆ ಹಾನಿಯ ಪಟ್ಟಿ ಬರೆಯಲು ಬಂದರು. ಅವತ್ತಿನ ನಿಯಮದಲ್ಲಿ ಸತ್ತ ಹೈನದ ಆಕಳಿಗೆ, ಎಮ್ಮೆಗೆ 30 ಸಾವಿರ ರೂಪಾಯಿ, ಎತ್ತಿಗೆ 25 ಸಾವಿರ, ಕರುವಿಗೆ 16 ಸಾವಿರ, ಕುರಿ-ಆಡಿಗೆ 3 ಸಾವಿರ, ಕೋಳಿಗೆ 50 ರೂಪಾಯಿ ಇತ್ತು. ಮನೆ ಪೂರ್ತಿ ಬಿದ್ದವರಿಗೆ ರಾಜ್ಯ ಸರ್ಕಾರ 5 ಲಕ್ಷ ಅಂದಿತು. ನಮ್ಮ ಮನೆಗೆ ಬಂದಾಗ, “ಜಾನುವಾರು ಏನಾದರೂ?” ಅಂದರು. ನನ್ನ ಸಣ್ಣ ಮಗಳು, “ಕೆಂಚಿ” ಅಂದಳು. ಬರೆಯುವವರು ಪೆನ್ನು ಎತ್ತಿ, ಎಮ್ಮೆಯೋ ಆಕಳೋ ಅಂತ ಕೇಳಿದರು. ನಾಯಿ ಅಂದಮೇಲೆ ಪಾಪ ಅವರೂ ಏನು ಮಾಡಬೇಕು, ಕಾಲಂ ಇಲ್ಲ. ನಾನು ದೂರು ಹೇಳುತ್ತಿಲ್ಲ. ಕಾಲಂ ಇದ್ದರೂ ನನಗೆ ಆ ರೊಕ್ಕ ತಗೊಳ್ಳಲು ಬಾಯಿ ಬರುತ್ತಿರಲಿಲ್ಲ.

ಕೆಂಚಿಯ ಮರಿಯೇ ಈಗಿನ ಡುಮ್ಯಾ. ನೀವೆಲ್ಲ ನೋಡಿದ್ದೀರಿ, ಸಂಘದ ಬಾಗಿಲಲ್ಲಿ ಎಡಕ್ಕೆ ಕೂಡುವವನು. ಅವನದೂ ಒಂದು ಕಥೆ ಹೇಳಿ ಮುಗಿಸುತ್ತೇನೆ, ಯಾಕಂದರೆ ಅದರಲ್ಲಿ ನಮ್ಮ ಊರಿನ ಪಾಲೂ ಇದೆ.

2023ರಲ್ಲಿ ಮತ್ತೆ ಬರ. ರಾಜ್ಯದ 223 ತಾಲೂಕುಗಳನ್ನು ಬರಪೀಡಿತ ಅಂತ ಘೋಷಿಸಿದರು. ಅದರ ಬೆನ್ನಿಗೆ ಬಂದ 2024ರ ಬ್ಯಾಸಗಿ ಹೆಂಗಿತ್ತು ಅಂತ ನಾನು ಹೇಳಬೇಕಾಗಿಲ್ಲ. ಏಪ್ರಿಲ್ ತಿಂಗಳ ಒಂದು ಮಧ್ಯಾಹ್ನ ಡುಮ್ಯಾ ಹೊಲದ ತಗಡಿನ ಶೆಡ್ಡಿನೊಳಗೆ ನೆರಳು ಅಂತ ಹೊಕ್ಕಿದ್ದ. ಗಾಳಿ ಆಡದ ತಗಡಿನ ಕೆಳಗೆ ನೆರಳೂ ಒಲೆಯೇ. ಅಲ್ಲಿಂದ ಹೊರಬಿದ್ದವನು ತೂರಾಡುತ್ತ ಊರೊಳಗೆ ಬಂದ. ಬಾಯಲ್ಲಿ ಜೊಲ್ಲು, ನಾಲಗೆ ಕೆಂಪಗೆ, ಕಣ್ಣು ನೆಟ್ಟಗಿಲ್ಲ. ಯಾರೋ, “ಹುಚ್ಚ ಹಿಡದೈತಿ, ಹೊಡೀರಿ!” ಅಂದರು. ನಾನು ಬರುವ ಹೊತ್ತಿಗೆ ಏಳೆಂಟು ಬಡಿಗೆ ಕೂಡಿದ್ದವು. ಯಾರು ಅಂತ ಹೇಳುವುದಿಲ್ಲ, ಅವರೂ ಊರಿನ ಮಕ್ಕಳ ಸಲುವಾಗಿಯೇ ಬಡಿಗೆ ಹಿಡಿದಿದ್ದರು. ನಾನು ಅಡ್ಡ ನಿಂತು, ಇವನಿಗೆ ಪ್ರತಿ ವರ್ಷ ರೇಬೀಸ್ ಇಂಜೆಕ್ಷನ್ ಹಾಕಿಸಿದ್ದೇನೆ, ಚೀಟಿ ಮನೆಯಲ್ಲಿದೆ ಅಂತ ಕೂಗಿದೆ. ಹೆಂಡತಿ ಓಡಿ ಹೋಗಿ ಚೀಟಿ ತಂದಳು. ಆ ಚೀಟಿ ತೋರಿಸಿದ ಮೇಲೆ ಬಡಿಗೆ ಕೆಳಗಿಳಿದವು.

ಪಶುವೈದ್ಯರಿಗೆ ಫೋನು ಹಚ್ಚಿದೆ. ಅವರು ಹೇಳಿದ್ದು ನಿಮಗೂ ಉಪಯೋಗಕ್ಕೆ ಬೀಳುತ್ತದೆ. ನಮಗೆ ಮೈತುಂಬ ಬೆವರು ಬರುತ್ತದೆ. ನಾಯಿಗೆ ಪಾದದ ಅಡಿಯಲ್ಲಿ ಅಷ್ಟಿಷ್ಟು ಬಿಟ್ಟರೆ ಬೆವರಿಲ್ಲ, ನಾಲಗೆ ಹೊರಚಾಚಿ ತೇಕುವುದೇ ಅದರ ಬೆವರು. ಅದರ ಮೈ ಬಿಸಿ ಯಾವಾಗಲೂ ನಮಗಿಂತ ಜಾಸ್ತಿ, 101-102 ಡಿಗ್ರಿ ಇರುವುದು ಜ್ವರ ಅಲ್ಲ. ಅದು 105ರ ಹತ್ತಿರ ಹೋದರೆ ಜೀವಕ್ಕೆ ಕುತ್ತು. ಆಗ ನೆರಳಿಗೆ ಎತ್ತಿ ತಂದು ಹೊಟ್ಟೆಗೆ, ತೊಡೆ ಸಂದಿಗೆ, ಪಾದಕ್ಕೆ ಕೊಡದ ಸಾದಾ ನೀರು ಸುರಿದು ಗಾಳಿ ಹಾಕಬೇಕು. ಬರ್ಫದ ನೀರು ಬೇಡ. ಎಚ್ಚರ ಇಲ್ಲದಾಗ ಬಾಯಿಗೆ ನೀರು ಹೊಯ್ಯಬಾರದು, ಶ್ವಾಸಕೋಶಕ್ಕೆ ಹೋಗುತ್ತದೆ. ಇದನ್ನೆಲ್ಲ ಮಾಡಿದೆವು, ಬಡಿಗೆ ಹಿಡಿದವರೇ ಕೊಡ ಹೊತ್ತು ತಂದರು. ಅರ್ಧ ತಾಸಿನ ಮೇಲೆ ಡುಮ್ಯಾ ತಲೆ ಎತ್ತಿದ. ಆಮೇಲೆ ದವಾಖಾನೆಗೆ ಒಯ್ದೆವು.

ಬ್ಯಾಸಗಿಗೆ ನಾಯಿಗೆ ಹುಚ್ಚು ಹಿಡಿಯುತ್ತದೆ ಅನ್ನುವುದು ನಮ್ಮಲ್ಲಿ ಹಿಂದಿನಿಂದ ಬಂದ ಮಾತು. ಬಿಸಿಲಿನಿಂದ ಆ ರೋಗ ಬರುವುದಿಲ್ಲ. ರೋಗ ಇದ್ದ ಪ್ರಾಣಿ ಕಚ್ಚಿದರೆ ಬರುತ್ತದೆ, ಮಳೆಗಾಲದಲ್ಲೂ ಬರುತ್ತದೆ, ಚಳಿಗಾಲದಲ್ಲೂ ಬರುತ್ತದೆ. ಮರಿಗೆ ಮೂರು ತಿಂಗಳಾದಾಗ ಒಂದು ಲಸಿಕೆ, ಮುಂದೆ ವರ್ಷಕ್ಕೊಮ್ಮೆ ಹಾಕಿಸಬೇಕು. ಮನುಷ್ಯರಿಗೆ ಕಚ್ಚಿದರೆ ಸುಣ್ಣ, ಖಾರಪುಡಿ ಹಚ್ಚಬೇಡಿರಿ. ಸೋಪು ಹಚ್ಚಿ ಹರಿಯುವ ನೀರಲ್ಲಿ 15 ನಿಮಿಷ ಗಾಯ ತೊಳೆದು, ಅವತ್ತೇ ದವಾಖಾನೆಗೆ ಹೋಗಿ, ಹೇಳಿದಷ್ಟೂ ಸೂಜಿ ಪೂರ್ತಿ ಮಾಡಿಸಿರಿ. ರೋಗ ಕಾಣಿಸಿಕೊಂಡ ಮೇಲೆ ಉಳಿದವರು ಇಲ್ಲವೇ ಇಲ್ಲ ಅನ್ನಬೇಕು.

ಆ ಮೇಲಿನ ನಮ್ಮ ಆಡಳಿತ ಮಂಡಳಿ ಸಭೆಯಲ್ಲಿ ನಾನು ಎರಡು ಮಾತು ಮಂಡಿಸಿದೆ. ಒಂದು, ಸಂಘದ ಮುಂದೆ ನೀರಿನ ಕಲ್ಲದೋಣಿ ಇಡುವುದು. ಎರಡು, ಸದಸ್ಯರ ನಾಯಿಗಳಿಗೆ ವರ್ಷಕ್ಕೊಮ್ಮೆ ಲಸಿಕೆ ಹಾಕಿಸುವುದು. ಒಬ್ಬರು, “ಮುಂದ ಅವಕ್ಕೂ ಷೇರು ಕೊಡೂಣೇನ್ರಿ?” ಅಂದರು, ಎಲ್ಲರೂ ನಕ್ಕರು, ನಾನೂ ನಕ್ಕೆ. ನಕ್ಕು ನಕ್ಕೇ ಠರಾವು ಪಾಸಾಯಿತು. ಕಲ್ಲದೋಣಿ ಕೊಟ್ಟವರು ಷೇರಿನ ಮಾತು ಆಡಿದವರೇ, ಅವರ ಹಳೇ ದನದ ಮನೆಯದು.

ಬರುವ ಸೆಪ್ಟೆಂಬರ್ 28 ವಿಶ್ವ ರೇಬೀಸ್ ದಿನ. ಅವತ್ತು ಮುಂಜಾನೆ ಹಾಲು ಹಾಕುವ ಹೊತ್ತಿಗೇ ಸಂಘದ ಅಂಗಳದಲ್ಲಿ ಲಸಿಕೆ ಹಾಕಿಸುತ್ತೇವೆ. ಹೆಂಗೂ ನಿಮ್ಮ ಹಿಂದೆ ಬರುತ್ತವಲ್ಲ, ಅವತ್ತು ಮಾತ್ರ ಕೊರಳಿಗೆ ಹಗ್ಗ ಹಾಕಿ ಹಿಡಿದುಕೊಂಡು ಬರ್ರಿ. ಸೆಣಬಿನ ಹಗ್ಗ ಸಾಕು. ಇಲ್ಲದವರಿಗೆ ನಾನೇ ಒಂದು ಹೊರೆ ತಂದಿಟ್ಟಿದ್ದೇನೆ.